ನಷ್ಟದ ಕಾಫಿ ಘಟಕವನ್ನು ವ್ಯವಹಾರವಾಗಿಯೇ ಉಳಿಸಿಕೊಂಡದ್ದು: ನನ್ನ ಅನುಭವ

ಸಂಬಳದ ಕೆಲಸದ ಜೊತೆಗೆ ನಡೆಸುತ್ತಿದ್ದ ಕಾಫಿ ಹುರಿಯುವ ಘಟಕದ ನಷ್ಟವನ್ನು ನಾನು ವರ್ಷವರ್ಷವೂ ಐಟಿಆರ್-3ರಲ್ಲಿ (ವ್ಯವಹಾರದ ಆದಾಯವಿರುವವರ ರಿಟರ್ನ್ ನಮೂನೆ) ತೋರಿಸುತ್ತ ಬಂದಾಗ, ಚಿಕ್ಕಮಗಳೂರಿನಲ್ಲಿ ನನಗೆ ಪರಿಚಯವಿದ್ದ ತೆರಿಗೆ ಸಲಹೆಗಾರರಲ್ಲಿ ಹೆಚ್ಚಿನವರು ಅದನ್ನು ವ್ಯರ್ಥ ಶ್ರಮವೆಂದರು. ಆದಾಯ ತೆರಿಗೆ ಕಾಯ್ದೆಯ 71(2ಎ) ಕಲಮಿನಂತೆ ವ್ಯವಹಾರದ ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲವಾದ್ದರಿಂದ, ಇದನ್ನು ಹವ್ಯಾಸವೆಂದು ಬಿಟ್ಟು ಸುಮ್ಮನಿರಿ ಎಂಬುದು ಅವರ ಸಲಹೆ. ನನ್ನ ಎಣಿಕೆ ಬೇರೆಯಿತ್ತು: ಇಂದಿನ ನಷ್ಟ ಇಂದಿನ ಸಂಬಳಕ್ಕಲ್ಲ, ನಾಳಿನ ಲಾಭಕ್ಕೆ. ಆ ಎಣಿಕೆ ಈಗ ಫಲಿಸಿದೆ. ಇಲ್ಲಿ ಹೇಳುವ ಕಲಮುಗಳೆಲ್ಲ 1961ರ ಕಾಯ್ದೆಯವು. 2026ರ ಏಪ್ರಿಲ್‌ನಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ.

2019ರ ಡಿಸೆಂಬರಿನಲ್ಲಿ ಸುಮಾರು ಮೂರೂವರೆ ಲಕ್ಷಕ್ಕೆ ಹುರಿಯುವ ಯಂತ್ರ ತಂದೆ. ಆ ವರ್ಷ ಅದು 180 ದಿನಕ್ಕಿಂತ ಕಡಿಮೆ ಬಳಕೆಯಾದ್ದರಿಂದ ಶೇ 15ರ ಸವಕಳಿಯಲ್ಲಿ (ಯಂತ್ರ ಸವೆಯುವುದಕ್ಕೆ ಸಿಗುವ ಕಡಿತ) ಅರ್ಧ ಮಾತ್ರ ಸಿಕ್ಕಿತು. ಮುಂದಿನ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಹೋಟೆಲುಗಳು ಮುಚ್ಚಿದವು. ಹುರಿದಿಟ್ಟ ಮಾಲು ವಾಸನೆ ಕಳೆದುಕೊಂಡು ಅರ್ಧ ಬೆಲೆಗೂ ಹೋಗಲಿಲ್ಲ. ಮೊದಲ ವರ್ಷ ಒಂದು ಲಕ್ಷದ ಆಸುಪಾಸು, ಎರಡನೆಯ ವರ್ಷ ಒಂದೂವರೆ ಲಕ್ಷಕ್ಕೂ ಮೇಲೆ, ಹೀಗೆ 2022-23ರ ಕೊನೆಗೆ ಒಟ್ಟು ನಷ್ಟ ನಾಲ್ಕು ಲಕ್ಷ ಅರವತ್ತು ಸಾವಿರದ ಹತ್ತಿರ ನಿಂತಿತು. ಅದರಲ್ಲಿ ಸವಕಳಿಯ ಪಾಲು ಒಂದೂವರೆ ಲಕ್ಷ. ಈ ಎರಡನ್ನೂ ಬೇರೆಬೇರೆಯಾಗಿ ಬರೆದಿಡುವುದು ಬಹಳ ಮುಖ್ಯ, ಏಕೆಂದರೆ ವ್ಯವಹಾರದ ನಷ್ಟಕ್ಕೆ ಎಂಟು ವರ್ಷದ ಮಿತಿಯಿದೆ, ಲಾಭ ಸಾಲದೆ ಕಳೆಯಲಾಗದೆ ಉಳಿದ ಸವಕಳಿಗೆ ಅಂಥ ಮಿತಿಯಿಲ್ಲ.

ಈ ಅವಧಿಯಲ್ಲಿ ಒಬ್ಬ ಸಲಹೆಗಾರರು ಸಣ್ಣ ವ್ಯವಹಾರಗಳ ಅಂದಾಜು ಆದಾಯದ ಕಲಮು 44ಎಡಿಯಡಿ ವಹಿವಾಟಿನ ಶೇ 8ನ್ನು ಆದಾಯವೆಂದು ತೋರಿಸಿ ಕೈತೊಳೆದುಕೊಳ್ಳಲು ಹೇಳಿದರು. ನಷ್ಟವಾದ ವರ್ಷದಲ್ಲಿ ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುವುದು ನನಗೆ ಒಪ್ಪಿಗೆಯಾಗಲಿಲ್ಲ. ಒಮ್ಮೆ ಅದರೊಳಗೆ ಹೋಗಿ ಐದು ವರ್ಷದೊಳಗೆ ಹೊರಬಂದರೆ ಮತ್ತೈದು ವರ್ಷ ಆ ಬಾಗಿಲು ಮುಚ್ಚುತ್ತದೆ, ಲೆಕ್ಕ ಪರಿಶೋಧನೆಯ ಹೊರೆಯೂ ಬರಬಹುದು. ನಾನು ಅತ್ತ ತಲೆಹಾಕದೆ ನಿಜವಾದ ಲೆಕ್ಕವನ್ನೇ ಕೊಟ್ಟೆ, ಅದನ್ನೂ ಪ್ರತಿ ವರ್ಷ ಗಡುವಿನೊಳಗೆ ಕೊಟ್ಟೆ; ತಡವಾದ ರಿಟರ್ನಿನಲ್ಲಿ ತೋರಿಸಿದ ವ್ಯವಹಾರದ ನಷ್ಟ ಮುಂದಕ್ಕೆ ಸಾಗುವುದಿಲ್ಲ.

ಅಮೆರಿಕದಲ್ಲಿ ಐದರಲ್ಲಿ ಮೂರು ವರ್ಷ ಲಾಭ ಬಂದಿದ್ದರೆ ಅದು ಹವ್ಯಾಸವಲ್ಲವೆಂದು ಭಾವಿಸುವ ನಿಯಮವಿದೆ. ನಮ್ಮಲ್ಲಿ ಹಾಗೆ ಎಣಿಸುವ ಅಳತೆಗೋಲಿಲ್ಲ. ನಡೆಸಿದ ರೀತಿ, ನಿರಂತರತೆ ಮತ್ತು ಲಾಭದ ಉದ್ದೇಶ, ಇವನ್ನೇ ನೋಡಬೇಕಾಗುತ್ತದೆ. ಆದ್ದರಿಂದ ಸಣ್ಣ ಉದ್ದಿಮೆಗಳ ಉದ್ಯೋಗ್ ಆಧಾರ್ (ಈಗಿನ ಉದ್ಯಮ್) ನೋಂದಣಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಪ್ರತ್ಯೇಕ ಕರೆಂಟ್ ಖಾತೆ, ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇವನ್ನೆಲ್ಲ ಮೊದಲ ವರ್ಷವೇ ಮಾಡಿಸಿದೆ. ಆಲ್ದೂರು, ಮಲ್ಲಂದೂರು ಕಡೆಯ ಬೆಳೆಗಾರರಿಗೆ ದಿನಕ್ಕೆ ಹತ್ತು ಸಾವಿರ ಮೀರಿದ ಹಣವನ್ನು ನಗದಾಗಿ ಕೊಡಲೇ ಇಲ್ಲ, ಅವರಲ್ಲಿ ಕೆಲವರು ಇದಕ್ಕೆ ಬೇಸರಪಟ್ಟುಕೊಂಡರೂ.

ತೆರಿಗೆ ಇಲಾಖೆಯಿಂದ ಪರಿಶೀಲನೆಯ ನೋಟಿಸು ಬಂದಾಗ ನನ್ನನ್ನು ಕಾಪಾಡಿದ್ದು ಹುರಿತದ ದಿನಚರಿ. ಹಸಿರು ಬೀಜ ಹುರಿದಾಗ ತೂಕ ಸುಮಾರು ಶೇ 15ರಿಂದ 18ರಷ್ಟು ಇಳಿಯುತ್ತದೆ. ಪ್ರತಿ ಹುರಿತದಲ್ಲಿ ಒಳಗೆ ಹೋದ ತೂಕ, ಹೊರಬಂದ ತೂಕ, ಹುರಿದ ಹದ ಇವನ್ನು ಬರೆದಿಟ್ಟಿದ್ದರಿಂದ ಕೊಂಡ ಮಾಲು, ಮಾರಿದ ಮಾಲು, ಉಳಿದ ದಾಸ್ತಾನು ಮೂರೂ ತಾಳೆಯಾದವು. ಕೇವಲ ಖುಷಿಗಾಗಿ ಹುರಿಯುವವನು ಇಂಥ ಪುಸ್ತಕವನ್ನು ವರ್ಷಗಟ್ಟಲೆ ಇಡುವುದಿಲ್ಲ ಎಂಬುದೇ ನನ್ನ ಉತ್ತರದ ತಿರುಳು. ಆ ಪುಸ್ತಕವನ್ನು ಮೀಟರಿನ ಯೂನಿಟ್ಟುಗಳಿಗೆ ಜೋಡಿಸಿ ಮಾಡಿದ ಒಂದು ಪುಟದ ಪಟ್ಟಿಯ ನಮೂನೆಯನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದನ್ನು ರೂಪಿಸಲು ನಾನು ಪಟ್ಟ ಕಷ್ಟ ದೊಡ್ಡದು. ನಷ್ಟ ಒಂದು ರೂಪಾಯಿಯೂ ಕಡಿತವಾಗದೆ ಅಂಗೀಕೃತವಾಯಿತು.

ನಡುವೆ ನಮ್ಮದೇ ಎರಡೆಕರೆಯ ಅರೇಬಿಕಾವನ್ನು ಹುರಿದು ಮಾರಬಹುದೇ ಎಂದು ಲೆಕ್ಕ ಹಾಕಿ ನೋಡಿದೆ. ಸ್ವಂತ ಬೆಳೆಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನುಗೊಳಿಸುವುದು) ಮಾಡಿ, ಹುರಿದು, ಪುಡಿ ಮಾಡಿ ಮಾರಿದರೆ ಆದಾಯ ತೆರಿಗೆ ನಿಯಮಾವಳಿಯ 7ಬಿ ನಿಯಮದಂತೆ ಶೇ 40 ಮಾತ್ರ ವ್ಯವಹಾರದ ಪಾಲು, ಉಳಿದದ್ದು ಕೃಷಿಯದು. ನಷ್ಟದ ಕಾಲದಲ್ಲಿ ಆ ಶೇ 60 ಕೃಷಿಯ ಕಡೆಗೆ ಸರಿದು, ಮುಂದಿನ ವ್ಯವಹಾರದ ಲಾಭದಿಂದ ಕಳೆಯಲು ಸಿಗುವುದಿಲ್ಲ. ಹಾಗಾಗಿ ಸ್ವಂತ ಬೆಳೆಯನ್ನು ಕಾಯಿಯಾಗಿಯೇ ಮಾರಿ, ಹುರಿಯಲು ಹೊರಗಿನ ಬೀಜವನ್ನು ಕೊಂಡೆ. ಲಾಭ ನೆಲೆನಿಂತ ಮೇಲೆ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಮನೆಯ ಹಿಂದಿನ ಜೇನುಪೆಟ್ಟಿಗೆಗಳ ಒಂದು ರೂಪಾಯಿ ಖರ್ಚನ್ನೂ ನಾನು ಲೆಕ್ಕಕ್ಕೆ ತರಲಿಲ್ಲ. ಆ ತುಪ್ಪ ನೆಂಟರಿಷ್ಟರಿಗೆ ಹೋಗುತ್ತದೆ, ಅದು ನಿಜವಾಗಿಯೂ ಹವ್ಯಾಸವೇ.

2023-24ರಲ್ಲಿ ಸುಮಾರು ಒಂದು ಲಕ್ಷ ನಲವತ್ತು ಸಾವಿರ, ಮರುವರ್ಷ ಎರಡು ಲಕ್ಷ ಅರವತ್ತು ಸಾವಿರ ಲಾಭ ಬಂತು. ಮೊದಲು ಹಳೆಯ ವ್ಯವಹಾರದ ನಷ್ಟ, ಆಮೇಲೆ ಉಳಿಕೆ ಸವಕಳಿ, ಈ ಕ್ರಮದಲ್ಲಿ ಕಳೆದಾಗ ಎರಡೂ ವರ್ಷ ಘಟಕದ ಆದಾಯಕ್ಕೆ ತೆರಿಗೆ ಬೀಳಲಿಲ್ಲ. 10-ಐಇಎ ನಮೂನೆ ಸಲ್ಲಿಸಿ ಹಳೆಯ ತೆರಿಗೆ ಪದ್ಧತಿಯಲ್ಲೇ ಉಳಿದ ನನ್ನ ಸಂಬಳ ಶೇ 30ರ ಹಂತದಲ್ಲಿರುವುದರಿಂದ, ಸೆಸ್ ಸೇರಿ ಉಳಿದದ್ದು ಒಂದೂಕಾಲು ಲಕ್ಷದ ಹತ್ತಿರ. ಇನ್ನೂ ಅರವತ್ತು ಸಾವಿರದಷ್ಟು ಸವಕಳಿ ಪುಸ್ತಕದಲ್ಲಿ ಉಳಿದಿದ್ದು, ಮುಂದಿನ ರಿಟರ್ನಿನಲ್ಲಿ ಅದನ್ನು ಕಳೆಯಲಿದ್ದೇನೆ.