ಚಿತ್ರಸಂಗೀತ ಸಂಯೋಜನೆಯನ್ನು ವೃತ್ತಿಯಾಗಿ ಕಲಿಯುವ ಬಗೆ

ಸಂಗೀತ ನಿರ್ದೇಶಕರಾಗಬೇಕೆಂದು ಕನ್ನಡ ಚಿತ್ರರಂಗಕ್ಕೆ ಬರುವ ಹಲವರು ಒಂದಷ್ಟು ಟ್ಯೂನುಗಳನ್ನು ಸಿದ್ಧಮಾಡಿಕೊಂಡು ನೇರವಾಗಿ ನಿರ್ಮಾಪಕರನ್ನು ಹುಡುಕುತ್ತಾರೆ. ಅದಕ್ಕೆ ಮೊದಲು ಅನುಭವಿಗಳೊಬ್ಬರ ಬಳಿ ಕೆಲವು ವರ್ಷ ಸಹಾಯಕರಾಗಿ ದುಡಿಯುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಇಳಯರಾಜ ಅವರು 1976ರ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರದಿಂದ ಸ್ವತಂತ್ರರಾಗುವ ಮುನ್ನ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಿಗೆ ಕೆಲಸ ಮಾಡಿದ್ದರು, ಎ. ಆರ್. ರೆಹಮಾನ್ ಅವರೂ 1992ರ ‘ರೋಜಾ’ಕ್ಕೆ ಮೊದಲು ವರ್ಷಗಟ್ಟಲೆ ಇತರ ಸಂಯೋಜಕರಿಗೆ ಕೀಬೋರ್ಡ್ ನುಡಿಸಿದವರು.

ಆ ವರ್ಷಗಳಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ರೀರೆಕಾರ್ಡಿಂಗ್, ಅಂದರೆ ಸಂಕಲನ ಮುಗಿದ ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವ ಕೆಲಸ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ ಓಡುವುದರಿಂದ, ನಿಮಿಷಕ್ಕೆ 60 ಬೀಟಿನ ಲಯದಲ್ಲಿ ಬೀಟಿಗೆ 24 ಫ್ರೇಮೂ 80ರ ಲಯದಲ್ಲಿ 18 ಫ್ರೇಮೂ ಸಿಗುತ್ತವೆ. ತಾಯಿ ಬಾಗಿಲಲ್ಲಿ ನಿಂತು, 12 ಸೆಕೆಂಡಿನ ಬಳಿಕ ಮಗನ ಮುಖ ನೋಡುತ್ತಾಳೆ ಎನ್ನಿ. 80ರ ಲಯದಲ್ಲಿ ಅದು 16 ಬೀಟು. ತಾಳದ ಅಕ್ಷರಕ್ಕೊಂದು (ಎಣಿಕೆಗೊಂದು) ಬೀಟಿನಂತೆ, ಎಂಟು ಅಕ್ಷರಗಳ ಆದಿತಾಳದ ಎರಡು ಆವರ್ತನ ಮುಗಿದು, ಮೂರನೆಯದರ ಮೊದಲ ಪೆಟ್ಟಿಗೆ ಸರಿಯಾಗಿ ಆ ನೋಟ ಬೀಳುತ್ತದೆ. ಸಂಕಲನಕಾರರು ಆಮೇಲೆ ದೃಶ್ಯವನ್ನು ಒಂದು ಸೆಕೆಂಡ್ ಹಿಗ್ಗಿಸಿದರೆ, ಸ್ವರಗಳನ್ನು ಮುಟ್ಟದೆ ಲಯವನ್ನು 74ರ ಆಸುಪಾಸಿಗೆ ಇಳಿಸಿದರೆ ಸಾಕು. ಎಲ್ಲಿ ಸಂಗೀತವೇ ಬೇಡ ಎಂಬ ತಿಳಿವಳಿಕೆಯೂ ಹೀಗೆ ದೃಶ್ಯಗಳನ್ನು ಮತ್ತೆ ಮತ್ತೆ ನೋಡುತ್ತಲೇ ಬರುತ್ತದೆ. ಹಾಡಿನಿಂದ ಹೆಸರು ಬಂದೀತು, ಈ ತಿಳಿವಳಿಕೆ ಬಾರದು.

ಹಾಡುಗಳಲ್ಲಿ ಈಗ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಟ್ಯೂನನ್ನು ಬರೀ ‘ಲಾಲಾ’ ಎಂದು ಹಾಡಿ ಗೀತರಚನೆಕಾರರಿಗೆ ಕಳಿಸಬೇಡಿ. ಹ್ರಸ್ವ ದೀರ್ಘಗಳು ತಿಳಿಯುವಂತೆ ಕನ್ನಡದ ಡಮ್ಮಿ ಪದಗಳನ್ನು ಕೂರಿಸಿ ಕೊಡಿ. ‘ಬಳೆ’ಯ ಮೊದಲಕ್ಷರವನ್ನು ಎಳೆದು ಹಾಡಿದರೆ ಕೇಳುವವರ ಕಿವಿಗೆ ಅದು ‘ಬಾಳೆ’. ನುಡಿಗೆ ಇಂಥ ಅಪಚಾರ ಆಗಕೂಡದು, ಅಂಥ ಕಡೆ ಟ್ಯೂನನ್ನೇ ಬದಲಿಸಿ.

ಕರಾರಿಗೆ ಸಹಿ ಹಾಕುವ ಮುನ್ನ, 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ 18 ಮತ್ತು 19ನೇ ಸೆಕ್ಷನ್‌ಗಳನ್ನು ಓದಿಕೊಳ್ಳಿ. ಹಕ್ಕನ್ನು ನಿರ್ಮಾಪಕರಿಗೆ ವರ್ಗಾಯಿಸಿದರೂ, ಚಿತ್ರಮಂದಿರದಲ್ಲಿ ಚಿತ್ರದ ಜೊತೆಗೆ ಆಗುವ ಬಳಕೆಯನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಧನದ ಸಮಪಾಲನ್ನು ನೀವು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ವಸೂಲಿಗಾಗಿ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಆ ವಸೂಲಿ ನಡೆಸುವ ಸಂಘವಾದ ಐಪಿಆರ್‌ಎಸ್‌ಗೆ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯರಾಗಿ, ಹಾಡು ಹೊರಬಂದ ಕೂಡಲೇ ಗೀತರಚನೆಕಾರರ ಹೆಸರನ್ನೂ ಸೇರಿಸಿ ಅಲ್ಲಿ ನೋಂದಾಯಿಸಿ.