ಮುಂಬೈಯಲ್ಲಿ ಮನೆಯವರು ತೀರಿಕೊಂಡಾಗ: ಹೊಸದಾಗಿ ಬಂದ ಕನ್ನಡಿಗರಿಗೆ ಮಾರ್ಗದರ್ಶಿ

ಊರಲ್ಲಿ ಸಾವಾದರೆ ಯಾರಿಗೂ ಹೇಳಿಕಳಿಸಬೇಕಾಗಿಲ್ಲ. ಬಿದಿರು ಕಡಿಯುವವರು, ಸೌದೆ ಹೊಂದಿಸುವವರು, ಪುರೋಹಿತರನ್ನೋ ಜಂಗಮರನ್ನೋ ಕರೆತರುವವರು ತಾವಾಗಿಯೇ ಬರುತ್ತಾರೆ. ಇಲ್ಲಿನ ಹನ್ನೆರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಹಾಗಾಗುವುದಿಲ್ಲ. ಅದಕ್ಕೇ ಬಂದ ಮೊದಲ ತಿಂಗಳಲ್ಲೇ ಹತ್ತಿರದ ಒಬ್ಬ ಡಾಕ್ಟರನ್ನು ಮನೆಯ ಡಾಕ್ಟರ್ ಮಾಡಿಕೊಳ್ಳಿ. ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಅವರ ಬಿಪಿ, ಸಕ್ಕರೆ ಎಲ್ಲ ಅವರ ಹತ್ತಿರವೇ ತೋರಿಸಿ.

ಕಾರಣ ಇದೆ. ಮನೆಯಲ್ಲಿ ಪ್ರಾಣ ಹೋದರೆ, ಸಾವಿನ ಕಾರಣವನ್ನು ಡಾಕ್ಟರ್ 4ಎ ನಮೂನೆಯಲ್ಲಿ ಬರೆದುಕೊಡಬೇಕು. ಆಸ್ಪತ್ರೆಯಲ್ಲಾದರೆ ಅವರೇ ನಮೂನೆ 4 ಕೊಡುತ್ತಾರೆ. ಈ ಕಾಗದವಿಲ್ಲದೆ ಸ್ಮಶಾನದಲ್ಲಿ ಒಳಗೆ ಬಿಡುವುದಿಲ್ಲ. ರೋಗಿಯನ್ನು ಒಮ್ಮೆಯೂ ನೋಡದ ಡಾಕ್ಟರ್ ರಾತ್ರಿ ಎರಡು ಗಂಟೆಗೆ ಬಂದು ಸಹಿ ಹಾಕಲು ಒಪ್ಪುವುದು ಕಷ್ಟ. ಆಗ ಪೊಲೀಸರು, ಪಂಚನಾಮೆ, ಪೋಸ್ಟ್‌ಮಾರ್ಟಂ ಎಂದು ಇಡೀ ದಿನ ಹೋಗಿಬಿಡುತ್ತದೆ. ಅಪಘಾತವಾದರೆ, ಲೋಕಲ್ ರೈಲಿನಲ್ಲಿ ಏನಾದರೂ ಆದರೆ, ಇದೆಲ್ಲ ಹೇಗೂ ತಪ್ಪುವುದಿಲ್ಲ.

ಕಣ್ಣು ದಾನ ಮಾಡುವ ಆಸೆ ಇದ್ದರೆ ಆರು ಗಂಟೆಯೊಳಗೆ ಆಗಬೇಕು. ಐ ಬ್ಯಾಂಕಿಗೆ ಫೋನ್ ಮಾಡಿ, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಎಲ್ಲಿ ತೀರಿಕೊಂಡರೋ ಅಲ್ಲಿಯೇ. ಮಣ್ಣು ಮಾಡಿದ್ದು ವಿಜಯಪುರದ ಹೊಲದಲ್ಲೇ ಇರಲಿ, ಪ್ರಾಣ ಹೋದದ್ದು ಘಾಟ್ಕೋಪರಿನಲ್ಲಾದರೆ ಸರ್ಟಿಫಿಕೇಟ್ ಮುಂಬೈ ಪಾಲಿಕೆಯದ್ದೇ. ಹೆಸರಿನ ವಿಷಯದಲ್ಲಿ ತುಂಬಾ ಜಾಗ್ರತೆ. ನಮ್ಮಲ್ಲಿ ಇನಿಷಿಯಲ್ ಮುಂದೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಕ್ರಮ. ಬರೆದುಕೊಳ್ಳುವವರು ಕೇಳಿದ್ದಕ್ಕೆ ಗಡಿಬಿಡಿಯಲ್ಲಿ ಏನೋ ಒಂದು ಹೇಳಬೇಡಿ. ಆಧಾರ್ ಕಾರ್ಡ್ ಮುಂದಿಟ್ಟು ಅಕ್ಷರಕ್ಕೆ ಅಕ್ಷರ ಬರೆಸಿ. ಇಲ್ಲವಾದರೆ ಎಲ್‌ಐಸಿ, ಪೆನ್ಷನ್, ಊರಿನ ಪಹಣಿ ಎಲ್ಲ ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಸರ್ಟಿಫಿಕೇಟಿನ ಪ್ರತಿಗಳನ್ನು ಜಾಸ್ತಿ ತೆಗೆದಿಟ್ಟುಕೊಳ್ಳಿ.

ಊರಿಗೆ ಒಯ್ಯಬೇಕಾ, ಇಲ್ಲೇ ಮುಗಿಸಬೇಕಾ? ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಅಪ್ಪ-ಅಮ್ಮ ಗಟ್ಟಿಯಾಗಿರುವಾಗಲೇ ಅವರನ್ನು ಕೇಳಿಬಿಡಿ. ಬಾಯಿ ಬರುವುದಿಲ್ಲ, ನಿಜ. ಆದರೆ ಕೇಳದೇ ಉಳಿದ ಮನೆಗಳಲ್ಲಿ ಹೆಣ ಎದುರಿಗಿಟ್ಟುಕೊಂಡು ಅಣ್ಣ-ತಮ್ಮಂದಿರು ಫೋನಿನಲ್ಲಿ ಜಗಳವಾಡುತ್ತಾರೆ. ಮಂಗಳೂರು ಇಲ್ಲಿಂದ ಸುಮಾರು 900 ಕಿಲೋಮೀಟರ್. ಆಂಬುಲೆನ್ಸಿನಲ್ಲಿ ಹೋಗುವುದಾದರೆ ಡಾಕ್ಟರ ಕಾಗದದ ಪ್ರತಿ ಜೊತೆಗಿರಲಿ. ವಿಮಾನವಾದರೆ ಶವ ಕೆಡದಂತೆ ಮಾಡಿಸಿದ ಸರ್ಟಿಫಿಕೇಟ್, ಪೊಲೀಸರ ಎನ್‌ಒಸಿ ಕೇಳುತ್ತಾರೆ. ಇಲ್ಲೇ ದಹನ ಮಾಡಿ ಅಸ್ಥಿಯನ್ನು ಗೋಕರ್ಣಕ್ಕೋ ಶ್ರೀರಂಗಪಟ್ಟಣಕ್ಕೋ ಒಯ್ದರೆ ಯಾವ ಲೋಪವೂ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಕರೆಂಟಿನ ಅಥವಾ ಗ್ಯಾಸಿನ ಚಿತೆಯಾದರೆ ಅಸ್ಥಿ ಅದೇ ದಿನ ಸಿಗುತ್ತದೆ. ಸೌದೆಯಾದರೆ ಆರುವವರೆಗೆ ಕಾಯಬೇಕು. ಮರೀನ್ ಲೈನ್ಸ್‌ನ ಚಂದನವಾಡಿ, ದಾದರಿನ ಶಿವಾಜಿ ಪಾರ್ಕ್, ಸಾಯನ್, ಹೀಗೆ ಹಲವು ಕಡೆ ಪಾಲಿಕೆಯ ಸ್ಮಶಾನಗಳಿವೆ. ಮುಂದಿನ ಕರ್ಮಗಳನ್ನು ವಾಲ್ಕೇಶ್ವರದ ಬಾಣಗಂಗಾ ಕೆರೆಯ ಮೆಟ್ಟಿಲ ಮೇಲೂ ಮಾಡುತ್ತಾರೆ, ನಾಸಿಕದ ರಾಮಕುಂಡಕ್ಕೂ ಹೋಗುತ್ತಾರೆ.

ಲಿಂಗಾಯತ ಮನೆಯವರು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ನಮ್ಮವರನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುವುದು ಎಲ್ಲರಿಗೂ ಗೊತ್ತಿರುವುದಿಲ್ಲ. ಹಿಂದೂ ಎಂದ ಕೂಡಲೇ ಚಿತೆಯ ಕಡೆ ಕಳಿಸಿಬಿಡುತ್ತಾರೆ. ‘ಲಿಂಗಾಯತ ದಫನಭೂಮಿ’ ಎಂದೇ ಕೇಳಿ. ಸೊಲ್ಲಾಪುರ, ಲಾತೂರಿನ ಮರಾಠಿ ಲಿಂಗಾಯತರು ಇಲ್ಲಿ ಬಹಳ ಜನ ಇದ್ದಾರೆ, ಜಾಗವೂ ಜಂಗಮರೂ ಅವರಿಗೆ ಗೊತ್ತು. ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯುತ್ತದೆ. ಹಾಗಾಗಿ ಕೂರಿಸುವ ವಿಷಯವನ್ನು ಆಸ್ಪತ್ರೆಯವರಿಗೂ ಬೇಗ ಹೇಳಿ.

ಕ್ರೈಸ್ತ ಕುಟುಂಬಗಳು ಬಂದ ಕೂಡಲೇ ಹತ್ತಿರದ ಚರ್ಚಿನಲ್ಲಿ ಹೆಸರು ಬರೆಸಿಕೊಳ್ಳಿ. ಸಮಾಧಿಗೆ ಜಾಗ ಕೇಳುವಾಗ ಅದೇ ಆಧಾರ. ಜಾಗದ ಅಭಾವದಿಂದ ಇಲ್ಲಿ ಗೋರಿಗಳನ್ನು ಕೆಲವು ವರ್ಷಗಳ ನಂತರ ಮತ್ತೆ ಬಳಸುತ್ತಾರೆ, ಎಲುಬುಗಳನ್ನು ಗೋಡೆಯ ಗೂಡಿಗೆ ಸರಿಸುತ್ತಾರೆ. ಊರಿನ ಶಾಶ್ವತ ಕಲ್ಲು ನೋಡಿದವರಿಗೆ ಇದು ಮನಸ್ಸಿಗೆ ನೋವು ಕೊಡುತ್ತದೆ. ಮೊದಲೇ ಗೊತ್ತಿದ್ದರೆ ಒಳ್ಳೆಯದಲ್ವಾ? ಮುಸ್ಲಿಂ ಮನೆಯವರಿಗೆ ಹತ್ತಿರದ ಮಸೀದಿಯ ಜಮಾತಿನವರೇ ಗುಸ್ಲ್ (ಸ್ನಾನ), ಕಫನ್ (ಹೊದಿಸುವ ಬಟ್ಟೆ), ಕಬರಸ್ತಾನ್ ಎಲ್ಲಕ್ಕೂ ನಿಲ್ಲುತ್ತಾರೆ.

ನೆರೆಮನೆಯ ಸಾವಿಗೂ ಹೋಗಬೇಕು. ಗುಜರಾತಿಗಳ ಸುದ್ದಿಯಲ್ಲಿ ‘ಲೌಕಿಕ ಪ್ರಥಾ ಬಂಧ್’ ಎಂದಿದ್ದರೆ ಮನೆಗೆ ಹೋಗಬೇಡಿ, ಪ್ರಾರ್ಥನಾ ಸಭೆಗೆ ಬಿಳಿ ಬಟ್ಟೆಯಲ್ಲಿ ಹೋಗಿ. ಮುಸ್ಲಿಮರು ತಡಮಾಡದೆ ದಫನ್ ಮಾಡುತ್ತಾರೆ, ಸಂಜೆ ಆಫೀಸು ಮುಗಿಸಿ ಬರುತ್ತೇನೆಂದರೆ ಮುಖ ಸಿಗುವುದಿಲ್ಲ. ಪಾರ್ಸಿಗಳದ್ದೂ ಹಾಗೇ. ಅವರ ಅಂತ್ಯಸಂಸ್ಕಾರದ ಜಾಗವಾದ ಮಲಬಾರ್ ಹಿಲ್‌ನ ಡುಂಗರವಾಡಿಯಲ್ಲಿ ಮುಖ್ಯ ವಿಧಿ ಶುರುವಾದ ಮೇಲೆ ಬೇರೆ ಧರ್ಮದವರು ಮುಖ ನೋಡುವಂತಿಲ್ಲ, ಅದಕ್ಕೂ ಮೊದಲೇ ತಲುಪಿ. ದೇಹವನ್ನು ಸುಡದೆ, ಹೂಳದೆ ರಣಹದ್ದುಗಳಿಗೆ ಬಿಡುವುದು ಅವರ ಪದ್ಧತಿ, ಆದರೆ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ಆ ಹದ್ದುಗಳು ಅಳಿದುಹೋದವು. 2006ರಲ್ಲಿ ಆ ಬಳಕೆಯನ್ನು ನಿಷೇಧಿಸಿದರೂ ಹದ್ದುಗಳು ತಿರುಗಿ ಬರಲಿಲ್ಲ. ಈಗ ಕೆಲವು ಪಾರ್ಸಿ ಮನೆಯವರು ವರ್ಲಿಯಲ್ಲಿ ದಹನ ಮಾಡುತ್ತಾರೆ, ಅಲ್ಲಿ 2015ರಿಂದ ಪ್ರಾರ್ಥನಾ ಮಂದಿರವೂ ಇದೆ. ಇದು ಅವರೊಳಗೇ ನೋವಿನ ಚರ್ಚೆ. ನೀವು ಸುಮ್ನೆ ಕೂತು ಕೇಳಿ, ಯಾವುದು ಸರಿ ಎಂದು ಹೇಳಹೋಗಬೇಡಿ.

ನಿಮ್ಮ ಮನೆಯಲ್ಲಿ ಸಾವಾದ ದಿನ ಪಕ್ಕದ ಮರಾಠಿ ಮನೆಯವರು ಪಿಠ್ಲ-ಭಾಕ್ರಿ ಮಾಡಿ ತಂದರೆ ಬೇಡ ಎನ್ನಬೇಡಿ. ಸೊಸೈಟಿಯ ಸೆಕ್ರೆಟರಿಗೆ ತಕ್ಷಣ ತಿಳಿಸಿ. ಸ್ಟ್ರೆಚರ್ ಹಿಡಿಸುವ ಲಿಫ್ಟ್ ಯಾವುದೆಂದು ವಾಚ್‌ಮನ್‌ಗೆ ಗೊತ್ತಿರುತ್ತದೆ. ನಮ್ಮ ಕನ್ನಡ ಸಂಘಕ್ಕೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ. ಹೆಗಲು ಕೊಡಲು ಜನ ಬರುತ್ತಾರೆ, ತುಳುವರ ಉತ್ತರಕ್ರಿಯೆಯಾದ ಬೊಜ್ಜವಿರಲಿ, ವೈಕುಂಠ ಸಮಾರಾಧನೆಯಿರಲಿ, ಹಾಲ್ ಮತ್ತು ಅಡುಗೆಯವರನ್ನು ನಾವು ಹೊಂದಿಸಿಕೊಡುತ್ತೇವೆ.