ಲಿನಕ್ಸ್‌ಗೆ ಸಾಫ್ಟ್‌ವೇರ್ ಹಾಕುವುದು ಹೇಗೆ? ಎಂಟರ್ ಒತ್ತುವ ಮುಂಚೆ ಇಷ್ಟು ಓದಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹಳೇ ಲ್ಯಾಪ್‌ಟಾಪ್ ಮೂಲೆಗೆ ಹಾಕಲು ಮನಸ್ಸಿಲ್ಲದವರು ಉಬುಂಟು, ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳ ಕಡೆ ಹೊರಳಿದ್ದಾರೆ. ಬಾಗಲಕೋಟೆಯ ಡಿಗ್ರಿ ಹುಡುಗರು ಹಾಗೆ ಹೊರಳಿದ ಮೇಲೆ ಮೊದಲು ಕೇಳುವುದು ಒಂದೇ: “ಸರ, ಇದಕ್ಕ ಸೆಟಪ್ ಫೈಲ್ ಎಲ್ಲಿಂದ ಇಳಿಸ್ಕೋಬೇಕ್ರೀ?”

ಎಲ್ಲಿಂದಲೂ ಬೇಡ. ಸಾಫ್ಟ್‌ವೇರ್‌ಗಳನ್ನು ಪ್ಯಾಕೇಜ್ ಮಾಡಿ ಒಂದೆಡೆ ಇಟ್ಟಿರುತ್ತಾರೆ. ಅದಕ್ಕೆ ರೆಪೊಸಿಟರಿ ಅಂತಾರೆ. ಅಲ್ಲಿಂದ ತರುವುದು, ಡಿಜಿಟಲ್ ಸಹಿ ಸರಿಯಿದೆಯೇ ನೋಡುವುದು, ಹಾಕುವುದು, ತೆಗೆಯುವುದು ಎಲ್ಲ ಪ್ಯಾಕೇಜ್ ಮ್ಯಾನೇಜರ್ ಕೆಲಸ. 1993ರಲ್ಲಿ ಶುರುವಾದ ಡೆಬಿಯನ್ ಎಂಬ ಲಿನಕ್ಸ್ ಮೇಲೆ ಉಬುಂಟು ನಿಂತಿದೆ, ಉಬುಂಟು ಮೇಲೆ ಮಿಂಟ್. ಹಾಗಾಗಿ ಮೂರಕ್ಕೂ ‘ಆಪ್ಟ್’ ಎಂಬ ಪ್ಯಾಕೇಜ್ ಮ್ಯಾನೇಜರ್ ನಡೆಯುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಾದರೆ ‘ಡಿಎನ್‌ಎಫ್’.

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆಯಿರಿ. ಕಮಾಂಡ್‌ಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಸುಡೋ ಅಂದರೆ ಎಸ್-ಯು-ಡಿ-ಒ, ಮುಂದಿನ ಕಮಾಂಡನ್ನು ಅಡ್ಮಿನ್ ಅಧಿಕಾರದಲ್ಲಿ ನಡೆಸುವ ಪದ. ಆಪ್ಟ್ ಅಂದರೆ ಎ-ಪಿ-ಟಿ.

ಮೊದಲು: ಸುಡೋ ಆಪ್ಟ್ ಅಪ್‌ಡೇಟ್

ನಿಮ್ಮ ಲಾಗಿನ್ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಚುಕ್ಕಿ ಕೂಡ ಮೂಡದಿದ್ದರೆ ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅದು ಹಾಗೇ. ಪೂರ್ತಿ ಹೊಡೆದು ಎಂಟರ್ ಒತ್ತಿ. ಅಪ್‌ಡೇಟ್ ಅಂದರೆ ಕಿರಾಣಿ ಅಂಗಡಿಯ ಹೊಸ ಪಟ್ಟಿ ತರಿಸಿದ ಹಾಗೆ, ಸಾಮಾನು ಇನ್ನೂ ಮನೆಗೆ ಬಂದಿಲ್ಲ. ಹೊಸಬರು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ಹಾಕುವುದು (ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಬೇಕೆಂದರೆ): ಸುಡೋ ಆಪ್ಟ್ ಇನ್‌ಸ್ಟಾಲ್ ವಿಎಲ್‌ಸಿ

ಈಗ ಪರದೆ ತುಂಬ ಹೆಸರುಗಳು ಬರುತ್ತವೆ. ಗಾಬರಿ ಬೇಡ. ವಿಎಲ್‌ಸಿ ಓಡಲು ಬೇಕಾದ ಬೇರೆ ಪ್ಯಾಕೇಜುಗಳು ಅವು. ಡಿಪೆಂಡೆನ್ಸಿ ಅನ್ನುವುದು ಇದನ್ನೇ. ಕೊನೆಯ ಸಾಲುಗಳು ಮುಖ್ಯ: ಎಷ್ಟು ಎಂಬಿ ಡೌನ್‌ಲೋಡ್ ಆಗಬೇಕು, ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಅಲ್ಲೇ ಬರೆದಿರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ದಿನ ದೂಡುವವರು ಇದನ್ನು ನೋಡಲೇಬೇಕು, ಅಲ್ವಾ? ಆಮೇಲೆ ವೈ ಅಥವಾ ಎನ್ ಕೇಳುತ್ತದೆ. ವೈ ದೊಡ್ಡಕ್ಷರದಲ್ಲಿದೆ, ಅಂದರೆ ಸುಮ್ನೆ ಎಂಟರ್ ಒತ್ತಿದರೂ ಹೌದು ಅಂತಲೇ ಲೆಕ್ಕ.

ಕನ್ನಡದ ಗುಬ್ಬಿ ಫಾಂಟ್ ಬೇಕೇ? ಪ್ಯಾಕೇಜಿನ ಹೆಸರು ‘ಫಾಂಟ್ಸ್-ಗುಬ್ಬಿ’. ಜೊತೆಗೆ ಬೇರೇನೂ ಬೇಕಿಲ್ಲದಿದ್ದರೆ ಆಪ್ಟ್ ಪ್ರಶ್ನೆಯನ್ನೇ ಕೇಳದೆ ಹಾಕಿಬಿಡುತ್ತದೆ. ಹೆಸರು ಗೊತ್ತಿಲ್ಲದಾಗ ‘ಆಪ್ಟ್ ಸರ್ಚ್’ ಮುಂದೆ ಒಂದು ಪದ ಕೊಟ್ಟು ಹುಡುಕಿ. ಇದಕ್ಕೆ ಸುಡೋ ಬೇಡ.

ಹಾಕಿದ್ದೆಲ್ಲವನ್ನೂ ಹೊಸ ಆವೃತ್ತಿಗೆ ಏರಿಸಲು ‘ಸುಡೋ ಆಪ್ಟ್ ಅಪ್‌ಗ್ರೇಡ್’.

ಸಿಕ್ಕಿಕೊಂಡರೆ

ಲಾಕ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಇನ್ನೊಂದು ಕಡೆ ಅಪ್‌ಡೇಟ್ ನಡೆಯುತ್ತಿದೆ ಎಂದರ್ಥ. ಉಬುಂಟು ತನ್ನಷ್ಟಕ್ಕೆ ಇದನ್ನು ಮಾಡುತ್ತಿರುತ್ತದೆ. ಚಹಾ ಕುಡಿದು ಬನ್ನಿ. ಲಾಕ್ ಫೈಲ್ ಅಳಿಸಿ ಎಂದು ನೆಟ್‌ನಲ್ಲಿ ಧಾರಾಳವಾಗಿ ಹೇಳುತ್ತಾರೆ, ಕೇಳಬೇಡಿ. ಅರ್ಧ ಕೆಲಸದ ಮೇಲೆ ಇನ್ನೊಂದು ಕೆಲಸ ಹತ್ತಿ ಕುಳಿತರೆ ಬಿಡಿಸುವುದು ಕಷ್ಟ.

ನಮ್ಮ ಕಡೆಯ ದೊಡ್ಡ ತೊಂದರೆ ಕರೆಂಟು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನಡುವೆಯೇ ಆರಿಹೋದರೆ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಶುರು ಮಾಡಿ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಡಿ. ಡಿಪಿಕೆಜಿ ಅಂದರೆ ಡಿ-ಪಿ-ಕೆ-ಜಿ, ಆಪ್ಟ್‌ನ ಕೆಳಗೆ ಕೆಲಸ ಮಾಡುವ ಸಾಧನ. ಕಾನ್ಫಿಗರ್ ಹಿಂದೆ ಎರಡು ಅಡ್ಡಗೆರೆ, ಎ ಹಿಂದೆ ಒಂದು. ಅಷ್ಟಕ್ಕೂ ಸರಿಹೋಗದಿದ್ದರೆ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’.

ತೆಗೆಯುವುದು

‘ರಿಮೂವ್’ ಪ್ರೋಗ್ರಾಂ ತೆಗೆಯುತ್ತದೆ, ‘ಪರ್ಜ್’ ಅದರ ಸಿಸ್ಟಂ ಸೆಟ್ಟಿಂಗ್‌ಗಳನ್ನೂ ತೆಗೆಯುತ್ತದೆ. ಹೋಮ್ ಫೋಲ್ಡರ್‌ನಲ್ಲಿರುವ ನಿಮ್ಮ ವಿಡಿಯೊ, ಫೋಟೊಗಳಿಗೆ ಎರಡೂ ಕೈ ಹಚ್ಚುವುದಿಲ್ಲ. ಬಳಕೆಯಿಲ್ಲದೆ ಉಳಿದ ಡಿಪೆಂಡೆನ್ಸಿಗಳಿಗೆ ‘ಆಟೋರಿಮೂವ್’ ಇದೆ. ಆದರೆ ತೆಗೆಯುವ ಪಟ್ಟಿಯನ್ನು ಹಾಕುವ ಪಟ್ಟಿಗಿಂತ ನಿಧಾನವಾಗಿ ಓದಿ. ಒಂದು ಸಣ್ಣ ಪ್ಯಾಕೇಜ್ ತೆಗೆಯಲು ಹೋದರೆ ಅದನ್ನು ನಂಬಿಕೊಂಡವೂ ಜೊತೆಗೆ ಹೊರಡುತ್ತವೆ. ಹೆಸರಿನಲ್ಲಿ ‘ಡೆಸ್ಕ್‌ಟಾಪ್’ ಎಂದಿರುವುದು ಆ ಪಟ್ಟಿಯಲ್ಲಿ ಕಂಡರೆ ಎನ್ ಒತ್ತಿ, ಗೊತ್ತಿದ್ದವರನ್ನು ಒಂದು ಮಾತು ಕೇಳಿ.